ಹಳೆ ಬರಹ ಕಸ, ಹೊಸ ಬರಹ ಸರಿ: ಒಂದು ಕನ್ನಡ ಜಾಲತಾಣದ ರಿಪೇರಿ

ಮಲೆನಾಡಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು 2006ರಿಂದ ಒಂದು ಜಾಲತಾಣ ನಡೆಸುತ್ತಿದ್ದಾರೆ. ಊರಿನ ಕೆರೆ, ಕೋಟೆ, ಜಾತ್ರೆ, ಹಳೆಯ ಅಡಿಗೆ, ಬಳಕೆ ತಪ್ಪುತ್ತಿರುವ ಮಾತು, ಹೀಗೆ ಸಾವಿರಕ್ಕೂ ಮೀರಿ ಬರಹಗಳಿವೆ. ತಾಣ ಓಡುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಹಿಂದೆ ಕಂಪನಿ ಇಲ್ಲ, ಸಂಬಳದ ಎಂಜಿನಿಯರ್ ಇಲ್ಲ. ಮೇಷ್ಟ್ರು ಬರೆಯುತ್ತಾರೆ, ಎಂಜಿನಿಯರಿಂಗ್ ಓದುತ್ತಿರುವ ಅವರ ತಮ್ಮನ ಮಗ ಸರ್ವರ್ ನೋಡಿಕೊಳ್ಳುತ್ತಾನೆ. ಅವನ ಕೈಮೀರಿದರೆ ನನಗೆ ಫೋನ್ ಬರುತ್ತದೆ.

ಈ ಸಲ ಕೈಮೀರಿತ್ತು. ಹಳೆಯ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ತಾಣಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್) ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿ 7.4, ಬರಹಗಳನ್ನು ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7, ಪುಟಗಳನ್ನು ಓದುಗರಿಗೆ ಕಳಿಸುವ ವೆಬ್ ಸರ್ವರ್ ಅಪಾಚೆ ಇದ್ದವು. ಪಿಎಚ್‌ಪಿ 7.4ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು 2022ರ ನವೆಂಬರ್‌ಗೇ ನಿಂತಿದೆ. ಮೈಎಸ್‌ಕ್ಯೂಎಲ್ 5.7ರ ಕಾಲ 2023ರ ಅಕ್ಟೋಬರ್‌ಗೆ ಮುಗಿದಿದೆ. ಹೋಸ್ಟಿಂಗ್‌ನವರು ಹಳೆ ಸರ್ವರ್ ಮುಚ್ಚುತ್ತೇವೆ ಎಂದು ನೋಟಿಸ್ ಕಳಿಸಿದರು. ಹುಡುಗ ಬೇರೆ ಕಡೆ ಒಂದು ಸಣ್ಣ ವಿಪಿಎಸ್ (ಎಲ್ಲವನ್ನೂ ನಾವೇ ನೋಡಿಕೊಳ್ಳುವ ಸರ್ವರ್) ಬಾಡಿಗೆಗೆ ಹಿಡಿದ. ಅದಕ್ಕೆ ಉಬುಂಟು 24.04 ಎಂಬ ಲಿನಕ್ಸ್, ಅದರ ಜೊತೆಗೇ ಬರುವ ಪಿಎಚ್‌ಪಿ 8.3 ಮತ್ತು ಮೈಎಸ್‌ಕ್ಯೂಎಲ್ 8.0 ಹಾಕಿದ. ಅಪಾಚೆ ಬದಲು ಎಂಜಿನ್‌ಎಕ್ಸ್ ಕೂರಿಸಿದ. ಕೈ ಹಾಕಿದ್ದಾಗಿದೆಯಲ್ಲ ಎಂದು ವರ್ಡ್‌ಪ್ರೆಸ್ಸನ್ನೂ ಹೊಸ ಆವೃತ್ತಿಗೆ ಏರಿಸಿದ.

ಇಷ್ಟೂ ಒಂದೇ ಸಲ ಬದಲಾದ್ದರಿಂದ ತಾಣ ಒಂದೇ ಕಡೆ ಕೆಡಲಿಲ್ಲ, ಪದರ ಪದರವಾಗಿ ಕೆಟ್ಟಿತು. ಒಂದನ್ನು ಸರಿಮಾಡಿದರೆ ಅದರ ಕೆಳಗೆ ಇನ್ನೊಂದು ಕಾಣುತ್ತಿತ್ತು. ನಾನು ಕೈ ಹಾಕುವ ಹೊತ್ತಿಗೆ ವಾರಗಳು ಕಳೆದಿದ್ದವು. ಮೇಷ್ಟ್ರು ಹೊಸ ತಾಣದಲ್ಲಿ ಹೊಸ ಬರಹಗಳನ್ನೂ ಹಾಕಿದ್ದರು. ಹಳೆಯ ಹೋಸ್ಟಿಂಗ್ ಖಾತೆ ಮುಚ್ಚಿಯೇ ಹೋಗಿತ್ತು.

ಸುಲಭದವು ಮೊದಲು

ಸರ್ವರ್ ಬದಲಾದ ದಿನ ತಾಣ ತೆರೆದರೆ ಗಂಭೀರ ದೋಷ ಎದುರಾಗಿದೆ ಎಂಬ ಒಂದೇ ಸಾಲು ಕಾಣಿಸಿತ್ತಂತೆ. ತಾಣ ಹೀಗೆ ಬಿದ್ದಾಗ ವರ್ಡ್‌ಪ್ರೆಸ್ ಅಡ್ಮಿನ್‌ಗೆ ಒಂದು ಮೇಲ್ ಕಳಿಸುತ್ತದೆ. 2019ರ 5.2 ಆವೃತ್ತಿಯಿಂದ ಈ ಅನುಕೂಲ ಇದೆ. ಯಾವ ಪ್ಲಗಿನ್ (ಹೆಚ್ಚುವರಿ ಜೋಡಣೆ) ಅಥವಾ ಥೀಮ್ (ತಾಣದ ರೂಪ) ಕೈಕೊಟ್ಟಿತು ಎಂಬ ವಿವರವೂ, ರಿಕವರಿ ಮೋಡ್‌ಗೆ ಹೋಗುವ ಲಿಂಕೂ ಅದರಲ್ಲಿರುತ್ತವೆ. ಮೇಷ್ಟ್ರಿಗೆ ಆ ಮೇಲ್ ಬರಲೇ ಇಲ್ಲ. ಯಾಕೆಂದರೆ ಹೊಸ ವಿಪಿಎಸ್‌ನಲ್ಲಿ ಮೇಲ್ ಕಳಿಸುವ ಏರ್ಪಾಡೇ ಇರಲಿಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದನ್ನು ಹೋಸ್ಟಿಂಗ್‌ನವರೇ ಮಾಡಿಟ್ಟಿರುತ್ತಾರೆ, ವಿಪಿಎಸ್‌ನಲ್ಲಿ ನಾವೇ ಮಾಡಿಕೊಳ್ಳಬೇಕು. ಅದರ ಮೇಲೆ ಎಷ್ಟೋ ಕ್ಲೌಡ್ ಕಂಪನಿಗಳು ಮೇಲ್ ಹೊರಹೋಗುವ ದಾರಿಯಾದ 25ನೇ ಪೋರ್ಟನ್ನು ಮುಚ್ಚಿರುತ್ತವೆ. ಹಾಗಾಗಿ ಬೇರೊಂದು ಮೇಲ್ ಸೇವೆಯ ಮೂಲಕ ಕಳಿಸುವ ಹಾಗೆ ಎಸ್‌ಎಂಟಿಪಿ ಪ್ಲಗಿನ್ ಹಾಕುವುದೇ ವಾಸಿ. ತಾಣ ಎಬ್ಬಿಸುವ ಮೊದಲೇ ಈ ಕೆಲಸ ಆಗಬೇಕಿತ್ತು. ದೂರು ಹೇಳುವ ಬಾಯಿಯನ್ನೇ ಕಟ್ಟಿಟ್ಟು ದೂರು ಬರಲಿಲ್ಲ ಅಂದರೆ ಹೇಗೆ, ಅಲ್ವಾ?

ಹುಡುಗ ಥೀಮ್ ಫೋಲ್ಡರ್‌ನ ಹೆಸರು ಬದಲಿಸಿ ಹೇಗೋ ಅಡ್ಮಿನ್ ಒಳಗೆ ಹೋಗಿ, ವರ್ಡ್‌ಪ್ರೆಸ್ ಜೊತೆ ಬರುವ ಥೀಮ್ ಹಾಕಿ ತಾಣ ಎಬ್ಬಿಸಿದ್ದ. ಹಳೆಯ ಥೀಮ್ ಯಾಕೆ ಬಿತ್ತು ಎಂದು ನಾನು ಆಮೇಲೆ ನೋಡಿದೆ. ಕಾನ್ಫಿಗ್ ಫೈಲಿನಲ್ಲಿ ಡಿಬಗ್ ಆನ್ ಮಾಡಿ, ತೆರೆಯ ಮೇಲೆ ತೋರಿಸುವುದನ್ನು ಆಫ್ ಮಾಡಿ, ದೋಷಗಳು ದಾಖಲಾಗುವ ಲಾಗ್ ಫೈಲನ್ನು ವೆಬ್ ಫೋಲ್ಡರ್‌ನ ಹೊರಗೆ ಇಟ್ಟೆ. ಸುಮ್ನೆ ಆನ್ ಮಾಡಿದರೆ ಆ ಲಾಗ್ ಡಬ್ಲ್ಯೂಪಿ-ಕಂಟೆಂಟ್ ಒಳಗೆ ಕೂರುತ್ತದೆ, ಅಡ್ರೆಸ್ ಗೊತ್ತಿದ್ದವರೆಲ್ಲ ಓದಬಹುದು. ಲಾಗ್‌ನಲ್ಲಿ ಕಾರಣ ನೇರವಾಗಿ ಬರೆದಿತ್ತು. ಥೀಮ್‌ನಲ್ಲಿ ಕ್ರಿಯೇಟ್ ಫಂಕ್ಷನ್ ಎಂಬ ಹಳೆಯ ಕಾಲದ ಫಂಕ್ಷನ್ ಇತ್ತು. ಪಿಎಚ್‌ಪಿ 7.2ರಲ್ಲೇ ಅದಕ್ಕೆ ಎಚ್ಚರಿಕೆ ಬರಲು ಶುರುವಾಗಿತ್ತು, 8.0ರಲ್ಲಿ ತೆಗೆದೇ ಹಾಕಿದರು. ಈಚ್ ಎಂಬ ಫಂಕ್ಷನ್ನಿನ ಗತಿಯೂ ಅದೇ. ಇನ್ನೊಂದು ಫೈಲಿನಲ್ಲಿ ಅಕ್ಷರ ಹೆಕ್ಕಲು ಚೌಕ ಆವರಣದ ಬದಲು ಹೂ ಆವರಣ ಬಳಸಿದ್ದರು. 8.0ರಿಂದ ಅಂಥ ಫೈಲನ್ನು ಪಿಎಚ್‌ಪಿ ಓದುವುದೇ ಇಲ್ಲ. ಇವೆಲ್ಲ ಹತ್ತಾರು ಸಾಲಿನ ತಿದ್ದುಪಡಿ, ಅಷ್ಟೇ. ಓದುಗರನ್ನು ಎಣಿಸುವ ಪ್ಲಗಿನ್ ಒಂದಕ್ಕೆ ವರ್ಷಗಳಿಂದ ಅಪ್‌ಡೇಟ್ ಇರಲಿಲ್ಲ. ಅದನ್ನು ತೆಗೆದುಹಾಕಿದೆ.

"ಎಷ್ಟು ಜನ ಓದಿದ್ರು ಅಂತ ಗೊತ್ತಾಗೋದು ಹೇಗೆ ಮಾರಾಯಾ?" ಅಂದರು ಮೇಷ್ಟ್ರು.

"ಅದು ಎಣಿಸ್ತಾ ಇದ್ದದ್ದು ಜಾಸ್ತಿ ಬಾಟ್‌ಗಳನ್ನೇ ಮೇಷ್ಟ್ರೇ" ಅಂದೆ. ಅವರಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಎರಡನೆಯ ಪದರ ವೆಬ್ ಸರ್ವರ್‌ನದ್ದು. ಮುಖಪುಟ ತೆರೆಯುತ್ತಿತ್ತು, ಒಳಗಿನ ಯಾವ ಬರಹ ಒತ್ತಿದರೂ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಇದು ಅಪಾಚೆಯಿಂದ ಎಂಜಿನ್‌ಎಕ್ಸ್‌ಗೆ ಹೋದವರೆಲ್ಲ ಒಮ್ಮೆ ಎಡವುವ ಕಲ್ಲು. ಓದಲು ಸುಲಭವಾದ ಅಡ್ರೆಸ್‌ಗಳನ್ನು ವರ್ಡ್‌ಪ್ರೆಸ್‌ಗೆ ಒಪ್ಪಿಸುವ ಸೂತ್ರ ಅಪಾಚೆಯಲ್ಲಿ ಎಚ್‌ಟಿಆಕ್ಸೆಸ್ ಎಂಬ ಫೈಲಿನಲ್ಲಿರುತ್ತದೆ. ಎಂಜಿನ್‌ಎಕ್ಸ್ ಆ ಫೈಲನ್ನು ತಿರುಗಿಯೂ ನೋಡುವುದಿಲ್ಲ. ಅದರ ಸ್ವಂತ ಕಾನ್ಫಿಗ್‌ನಲ್ಲಿ ಟ್ರೈ ಫೈಲ್ಸ್ ಎಂಬ ಒಂದು ಸಾಲು ಬರೆದರೆ 404 ಹೋಗುತ್ತದೆ. ಹುಡುಗ ಅದನ್ನು ತಾನೇ ಹುಡುಕಿ ಹಾಕಿದ್ದ. ಆದರೆ ಅದೇ ಎಚ್‌ಟಿಆಕ್ಸೆಸ್‌ನಲ್ಲಿ ಇನ್ನೂ ಒಂದು ಕಾವಲು ಇತ್ತು: ಅಪ್‌ಲೋಡ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಫೈಲ್ ಓಡಿಸಬೇಡ ಎಂಬುದು. ಸರ್ವರ್ ಬದಲಾದಾಗ ಆ ಕಾವಲೂ ಸದ್ದಿಲ್ಲದೆ ಹೋಗಿತ್ತು. 404 ಕಣ್ಣಿಗೆ ಹೊಡೆಯುತ್ತದೆ, ಇದು ಹೊಡೆಯುವುದಿಲ್ಲ. ಹಳೆಯ ಎಚ್‌ಟಿಆಕ್ಸೆಸ್ ಫೈಲನ್ನು ಸಾಲು ಸಾಲಾಗಿ ಓದಿ, ಪ್ರತಿಯೊಂದನ್ನೂ ಎಂಜಿನ್‌ಎಕ್ಸ್‌ಗೆ ಹೊಂದಿಸಬೇಕು.

ಅಡ್ರೆಸ್ ಸರಿ, ತಲೆಬರಹ ಕಸ

ಒಳಪುಟಗಳು ತೆರೆದ ಮೇಲೆ ಅಸಲಿ ತೊಂದರೆ ಕಂಡಿತು. ಕನ್ನಡ ಇರಬೇಕಾದಲ್ಲೆಲ್ಲ ರೋಮನ್ ಅಕ್ಷರಗಳ ಗೀಚು. ಸ್ವಲ್ಪ ದಿಟ್ಟಿಸಿ ನೋಡಿದರೆ ಆ ಗೀಚಿಗೂ ಒಂದು ಲಯ ಇದೆ. ತಲೆಯ ಮೇಲೆ ಓರೆಗೆರೆ ಇರುವ ರೋಮನ್ 'ಎ', ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟ್ಟ 2 ಅಥವಾ 3, ಆಮೇಲೆ ಯಾವುದೋ ಒಂದು ಚಿಹ್ನೆ. ಮತ್ತೆ 'ಎ', ಮತ್ತೆ 2. ಈ ಲಯ ಕಂಡರೆ ಅರ್ಧ ನೆಮ್ಮದಿ ಪಡಬಹುದು.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಇವತ್ತಿನ ಕ್ರಮ ಯುಟಿಎಫ್-8. ಅದರಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ. ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರೆದರೆ ಮೊದಲ ಬೈಟ್ ಎಲ್ಲಕ್ಕೂ ಇ0. ಎರಡನೆಯದು ಮೊದಲ 64 ಮನೆಗೆ ಬಿ2, ಉಳಿದ 64ಕ್ಕೆ ಬಿ3. ಸ್ವರ, ವ್ಯಂಜನ ಬಹುಪಾಲು ಮೊದಲ ಗುಂಪಿನಲ್ಲಿವೆ. ಉಕಾರ, ಎಕಾರ, ಒತ್ತಕ್ಷರ ಕಟ್ಟುವ ಹಲಂತ ಎರಡನೆಯದರಲ್ಲಿವೆ. ಈ ಬೈಟ್‌ಗಳನ್ನು ಲ್ಯಾಟಿನ್1 (ಅಕ್ಷರಕ್ಕೆ ಒಂದೇ ಬೈಟ್ ಕೊಡುವ ಹಳೆಯ ರೋಮನ್ ಕ್ರಮ) ಎಂದುಕೊಂಡು ಓದಿದರೆ ಇ0 ಎಂಬುದು ಓರೆಗೆರೆಯ 'ಎ' ಆಗುತ್ತದೆ, ಬಿ2 ಪುಟ್ಟ 2 ಆಗುತ್ತದೆ, ಬಿ3 ಪುಟ್ಟ 3 ಆಗುತ್ತದೆ. ಅಂದರೆ ಬರಹ ಕಳೆದಿಲ್ಲ, ಓದುವ ಕ್ರಮ ತಪ್ಪಿದೆ. ಸಾಲುಸಾಲು ಪ್ರಶ್ನೆ ಚಿಹ್ನೆ ಕಂಡರೆ ಮಾತ್ರ ಹೆದರಬೇಕು. ಅವು ಡೇಟಾಬೇಸಿನಲ್ಲೇ ಹಾಗೆ ಕೂತಿದ್ದರೆ, ಅಕ್ಷರ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಸುಳಿವು ಬ್ರೌಸರ್‌ನ ಅಡ್ರೆಸ್ ಪಟ್ಟಿಯಲ್ಲೇ ಇತ್ತು. ತಲೆಬರಹ ಕಸ, ಆದರೆ ಅದೇ ಬರಹದ ಅಡ್ರೆಸ್ಸಿನಲ್ಲಿ ಅಚ್ಚುಕಟ್ಟಾದ ಕನ್ನಡ. ವರ್ಡ್‌ಪ್ರೆಸ್ ಅಡ್ರೆಸ್ಸನ್ನು ಡೇಟಾಬೇಸಿನಲ್ಲಿ ಇಡುವಾಗ ಶೇಕಡಾ ಚಿಹ್ನೆ ಮತ್ತು ಹೆಕ್ಸ್ ಅಂಕಿಗಳಾಗಿ ಬರೆದಿಡುತ್ತದೆ. ಅವೆಲ್ಲ ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಹಾಗಾಗಿ ಕ್ಯಾರೆಕ್ಟರ್ ಸೆಟ್ (ಬೈಟ್‌ಗಳನ್ನು ಅಕ್ಷರವಾಗಿ ಓದುವ ಕ್ರಮ) ಹೇಗೆ ಹೊರಳಿದರೂ ಅವಕ್ಕೆ ಏನೂ ಆಗುವುದಿಲ್ಲ. (ಒಂದು ಕನ್ನಡ ಚಿಹ್ನೆಗೆ ಹೀಗೆ ಒಂಬತ್ತು ಅಕ್ಷರ ಹಿಡಿಯುತ್ತದೆ. ಆ ಕಾಲಮ್‌ನ ಮಿತಿ 200. ಅಂದರೆ 22 ಚಿಹ್ನೆ ದಾಟಿದರೆ ಅಡ್ರೆಸ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಮೇಷ್ಟ್ರ ಉದ್ದುದ್ದ ತಲೆಬರಹಗಳ ಅಡ್ರೆಸ್‌ಗಳೆಲ್ಲ ಮೊಂಡಾಗಿರುವುದು ಇದರಿಂದಲೇ.) ಅಡ್ರೆಸ್ ಸರಿ, ತಲೆಬರಹ ಕಸ ಎಂದರೆ ಬ್ರೌಸರ್, ಫಾಂಟ್, ಥೀಮ್ ಮೂರೂ ನಿರಪರಾಧಿಗಳು. ಹುಡುಕಬೇಕಾದ್ದು ಡೇಟಾಬೇಸ್ ಮತ್ತು ಪಿಎಚ್‌ಪಿ ನಡುವೆ.

"ಅಣ್ಣಾ, ಕಾನ್ಫಿಗ್ ಫೈಲ್ ನಾನು ಮುಟ್ಟೇ ಇಲ್ಲ. ಹಳೇದನ್ನೇ ಹಾಗೇ ಕಾಪಿ ಮಾಡಿದೀನಿ" ಎಂದು ಹುಡುಗ ಮತ್ತೆ ಮತ್ತೆ ಹೇಳಿದ. ಅವನ ಮಾತು ನಿಜ. ತೊಂದರೆ ಇದ್ದದ್ದೂ ಅಲ್ಲೇ.

ಡೇಟಾಬೇಸ್ ಜೊತೆ ಯಾವ ಕ್ಯಾರೆಕ್ಟರ್ ಸೆಟ್‌ನಲ್ಲಿ ಮಾತಾಡಬೇಕು ಎಂದು ಹೇಳುವ ಸಾಲು ವರ್ಡ್‌ಪ್ರೆಸ್‌ಗೆ ಬಂದದ್ದು 2007ರಲ್ಲಿ, 2.2 ಆವೃತ್ತಿಯಲ್ಲಿ. ಮೇಷ್ಟ್ರ ಕಾನ್ಫಿಗ್ ಫೈಲ್ 2006ರದ್ದು. ಅದರಲ್ಲಿ ಆ ಸಾಲೇ ಇಲ್ಲ. ಸಾಲು ಇಲ್ಲದಿದ್ದರೆ ವರ್ಡ್‌ಪ್ರೆಸ್ ಏನೂ ಹೇಳುವುದಿಲ್ಲ, ಸರ್ವರ್‌ನ ಡೀಫಾಲ್ಟ್ ಏನಿದೆಯೋ ಅದೇ ನಡೆಯುತ್ತದೆ. ಮೈಎಸ್‌ಕ್ಯೂಎಲ್ 5.7ರವರೆಗೆ ಆ ಡೀಫಾಲ್ಟ್ ಲ್ಯಾಟಿನ್1. ಮೈಎಸ್‌ಕ್ಯೂಎಲ್ ಸ್ವೀಡನ್ನಿನ ಕಂಪನಿಯ ಕೂಸು, ಆದ್ದರಿಂದ ಅಕ್ಷರ ಜೋಡಿಸುವ ಕ್ರಮವೂ ಸ್ವೀಡಿಶ್. ಮಲೆನಾಡಿನ ಜಾತ್ರೆಯ ಬರಹಗಳು ಇಷ್ಟು ವರ್ಷ ಸ್ವೀಡಿಶ್ ಅಕಾರಾದಿಯಲ್ಲಿ ಕೂತಿದ್ದವು.

ವರ್ಡ್‌ಪ್ರೆಸ್ ಕನ್ನಡದ ಯುಟಿಎಫ್-8 ಬೈಟ್‌ಗಳನ್ನು ಕೊಡುತ್ತಿತ್ತು. ಇದು ಲ್ಯಾಟಿನ್1 ಎಂದುಕೊಂಡು ಮೈಎಸ್‌ಕ್ಯೂಎಲ್ ಇಟ್ಟುಕೊಳ್ಳುತ್ತಿತ್ತು. ವಾಪಸ್ ಕೇಳಿದಾಗ ಲ್ಯಾಟಿನ್1 ಎಂದುಕೊಂಡೇ ಅದೇ ಬೈಟ್‌ಗಳನ್ನು ಕೊಡುತ್ತಿತ್ತು. ತಪ್ಪು ಸೇರಿನಲ್ಲಿ ಅಳೆದು ಕಣಜಕ್ಕೆ ಹಾಕಿ, ಅದೇ ತಪ್ಪು ಸೇರಿನಲ್ಲಿ ಅಳೆದು ತೆಗೆದರೆ ಲೆಕ್ಕ ಸರಿಹೋಗುತ್ತದಲ್ಲ, ಹಾಗೆ. ಮೈಎಸ್‌ಕ್ಯೂಎಲ್ 8.0 ಬಂದು ಸೇರನ್ನು ಬದಲಿಸಿತು. ಅದರ ಡೀಫಾಲ್ಟ್ ಯುಟಿಎಫ್‌8ಎಂಬಿ4, ಅಂದರೆ ಮೈಎಸ್‌ಕ್ಯೂಎಲ್‌ನ ಪೂರ್ತಿ ಯುಟಿಎಫ್-8. ಟೇಬಲ್ ಲ್ಯಾಟಿನ್1, ಮಾತಾಡುವ ದಾರಿ ಯುಟಿಎಫ್‌8ಎಂಬಿ4. ಈಗ ಮೈಎಸ್‌ಕ್ಯೂಎಲ್ ಕೊಡುವ ಮೊದಲು ಪ್ರತಿ ಬೈಟನ್ನೂ ಲ್ಯಾಟಿನ್1ರಿಂದ ಯುಟಿಎಫ್-8ಕ್ಕೆ ನಿಷ್ಠೆಯಿಂದ ಪರಿವರ್ತಿಸಿ ಕೊಡುತ್ತದೆ. ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. 2006ರಿಂದ ಮುಚ್ಚಿದ್ದ ತಪ್ಪು ಬಯಲಾಯಿತು, ಅಷ್ಟೇ.

2015ರಲ್ಲಿ ವರ್ಡ್‌ಪ್ರೆಸ್ 4.2 ಬಂದಾಗ ಟೇಬಲ್‌ಗಳನ್ನು ತಾನೇ ಯುಟಿಎಫ್‌8ಎಂಬಿ4ಕ್ಕೆ ಏರಿಸಿತಲ್ಲ, ಆಗಲೇ ಯಾಕೆ ಸರಿಯಾಗಲಿಲ್ಲ ಎಂದು ಕೇಳಬಹುದು. ಅದು ಏರಿಸಿದ್ದು ಮೊದಲೇ ಯುಟಿಎಫ್8 (ಮೈಎಸ್‌ಕ್ಯೂಎಲ್‌ನ ಹಳೆಯ, ಅರೆಬರೆ ರೂಪ) ಆಗಿದ್ದ ಟೇಬಲ್‌ಗಳನ್ನು ಮಾತ್ರ. ಲ್ಯಾಟಿನ್1 ಟೇಬಲ್‌ಗಳನ್ನು ಅದು ಮುಟ್ಟುವುದಿಲ್ಲ. ಒಳಗೆ ಏನಿದೆಯೋ ಗೊತ್ತಿಲ್ಲದೆ ಮುಟ್ಟದಿರುವುದೇ ಸರಿ.

ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬು

ಕತೆ ಇಲ್ಲಿಗೇ ನಿಂತಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ನಡುವೆ ಹುಡುಗ ಕೈಯಾಡಿಸಿದ್ದ. ಎಲ್ಲೋ ಓದಿ, ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಬರಹಗಳಿರುವ ಪೋಸ್ಟ್ಸ್ ಟೇಬಲನ್ನು ಯುಟಿಎಫ್‌8ಎಂಬಿ4ಕ್ಕೆ ಪರಿವರ್ತಿಸಿದ್ದ. ತಾರೀಖಿನ ಕಾಲಮ್‌ನ ಸೊನ್ನೆಗಳ ಬಗ್ಗೆ ಮೈಎಸ್‌ಕ್ಯೂಎಲ್ ತಕರಾರು ತೆಗೆದಾಗ, ಸ್ಟ್ರಿಕ್ಟ್ ಮೋಡ್ (ಹೊಂದದ ಡೇಟಾವನ್ನು ಒಪ್ಪದ ಕಟ್ಟುನಿಟ್ಟು) ಆಫ್ ಮಾಡಿ ಅದರ ಬಾಯಿಯನ್ನೂ ಮುಚ್ಚಿಸಿದ್ದ. ಇದರಿಂದ ಹಳೆ ಬರಹಗಳ ಕಸ ಹಾಗೇ ಉಳಿಯಿತು. ಆದರೆ ಹೊಸದಾಗಿ ಬರೆದದ್ದು ಸರಿಯಾಗಿ ಕಾಣತೊಡಗಿತು. ಸದ್ಯಕ್ಕೆ ಇಷ್ಟಾದರೂ ಆಯಿತಲ್ಲ ಎಂದು ಮೇಷ್ಟ್ರು ಬರೆಯಲು ಶುರುಮಾಡಿದರು. ಆಮೇಲೆ ಅವನಿಗೆ ಕಾನ್ಫಿಗ್‌ನ ಸಾಲು ಸಿಕ್ಕಿತು. ಅದರಲ್ಲಿ ಲ್ಯಾಟಿನ್1 ಎಂದು ಹಾಕಿದರೆ ಹಳೆಯದೆಲ್ಲ ಚೊಕ್ಕ ಕನ್ನಡ, ಹೊಸದು ಪ್ರಶ್ನೆ ಚಿಹ್ನೆ. ಯುಟಿಎಫ್‌8ಎಂಬಿ4 ಎಂದು ಹಾಕಿದರೆ ಹೊಸದು ಚೊಕ್ಕ, ಹಳೆಯದು ಕಸ. ನನಗೆ ಫೋನ್ ಬಂದದ್ದು ಈ ಹಂತದಲ್ಲಿ.

ಇಂಥ ಹೊತ್ತಲ್ಲಿ ತೆರೆ ನೋಡಿಕೊಂಡು ರಿಪೇರಿ ಮಾಡಬಾರದು. ತೆರೆಗೆ ಬರುವ ಹೊತ್ತಿಗೆ ಅಕ್ಷರ ಎರಡು ಮೂರು ಕೈ ದಾಟಿರುತ್ತದೆ. ಡೇಟಾಬೇಸಿನಲ್ಲಿ ಇರುವ ಬೈಟ್‌ಗಳನ್ನೇ ನೋಡಬೇಕು. ಅದಕ್ಕೆ ಮೈಎಸ್‌ಕ್ಯೂಎಲ್‌ನಲ್ಲಿ ಹೆಕ್ಸ್ ಎಂಬ ಫಂಕ್ಷನ್ ಇದೆ. ತಲೆಬರಹದ ಕಾಲಮ್‌ಗೆ ಅದನ್ನು ಹಚ್ಚಿದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. 'ಕ' ಅಕ್ಷರ ಇ0 ಬಿ2 95 ಎಂದು ಕಂಡರೆ ಬೈಟ್ ಸರಿ ಇದೆ. ಸಿ3 ಎ0 ಸಿ2 ಬಿ2 ಇ2 80 ಎ2 ಎಂದು ಏಳು ಬೈಟ್ ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ, ಅಂದರೆ ಯುಟಿಎಫ್-8 ಬೈಟ್‌ಗಳನ್ನೇ ಲ್ಯಾಟಿನ್1 ಅಕ್ಷರ ಎಂದುಕೊಂಡು ಮತ್ತೊಮ್ಮೆ ಯುಟಿಎಫ್-8 ಮಾಡಿದೆ. 3ಎಫ್ ಎಂದು ಕಂಡರೆ ಅದು ಪ್ರಶ್ನೆ ಚಿಹ್ನೆ, ಅಕ್ಷರ ಹೋಗಿದೆ.

ಪೋಸ್ಟ್ಸ್ ಟೇಬಲ್‌ನಲ್ಲಿ ಮೂರೂ ಸಿಕ್ಕವು. ಹಳೆಯ ಬರಹಗಳೆಲ್ಲ ಎರಡು ಸಲ ಎನ್‌ಕೋಡ್ ಆಗಿದ್ದವು, ಹುಡುಗನ ಪರಿವರ್ತನೆಯ ಫಲ. ಆ ಪರಿವರ್ತನೆಯ ನಂತರದ ಬರಹಗಳು ಸರಿಯಾಗಿದ್ದವು. ಸರ್ವರ್ ಬದಲಾದ ಮೇಲೆ, ಪರಿವರ್ತನೆಗೆ ಮೊದಲು ಮೇಷ್ಟ್ರು ಪ್ರಯತ್ನಕ್ಕೆ ಹಾಕಿದ್ದವು ಬರೀ 3ಎಫ್. ಯಾಕೆಂದರೆ ಲ್ಯಾಟಿನ್1 ಟೇಬಲ್‌ಗೆ ನಿಜವಾದ ಕನ್ನಡ ಕೊಟ್ಟರೆ ಅದರಲ್ಲಿ ಹಿಡಿಸುವುದಿಲ್ಲ, ಮೈಎಸ್‌ಕ್ಯೂಎಲ್ ಪ್ರಶ್ನೆ ಚಿಹ್ನೆ ಇಟ್ಟು ಕೈತೊಳೆದುಕೊಳ್ಳುತ್ತದೆ. ಸ್ಟ್ರಿಕ್ಟ್ ಮೋಡ್ ಇದ್ದರೆ ಬೇಡ ಎನ್ನುತ್ತಿತ್ತು, ಆದರೆ ವರ್ಡ್‌ಪ್ರೆಸ್ ತನ್ನ ಸಂಪರ್ಕದಲ್ಲಿ ಅದನ್ನು ಯಾವತ್ತೂ ಆಫ್ ಮಾಡಿಕೊಂಡೇ ಇರುತ್ತದೆ. ಪ್ರತಿಕ್ರಿಯೆಗಳ ಟೇಬಲ್ ಇನ್ನೂ ಲ್ಯಾಟಿನ್1 ಆಗೇ ಇತ್ತು. ಅಲ್ಲಿ ಹಳೆಯವು ಸರಿ, ಹೊಸ ಪ್ರತಿಕ್ರಿಯೆಗಳೆಲ್ಲ ಪ್ರಶ್ನೆ ಚಿಹ್ನೆ.

ಇನ್ನೂ ಒಂದು ಜಾತಿ ಇತ್ತು. ಮೇಷ್ಟ್ರು ಕೆಲವು ಹಳೆ ಬರಹಗಳನ್ನು ತೆರೆದು, ಕಸದ ನಡುವೆ ಒಂದೆರಡು ಪ್ಯಾರಾ ಮತ್ತೆ ಟೈಪ್ ಮಾಡಿ ಸೇವ್ ಮಾಡಿದ್ದರು. ಒಂದೇ ಬರಹದಲ್ಲಿ ಅರ್ಧ ಎರಡು ಸಲ ಎನ್‌ಕೋಡ್ ಆದದ್ದು, ಅರ್ಧ ಸರಿಯಾದದ್ದು. ಇವೇ ನನ್ನ ತೀರ್ಮಾನವನ್ನು ಬದಲಿಸಿದ್ದು. ಎರಡು ಸಲ ಎನ್‌ಕೋಡ್ ಆದದ್ದನ್ನು ಡೇಟಾಬೇಸಿನೊಳಗೇ ಹಿಂದಕ್ಕೆ ತಿರುಗಿಸುವ ಆಜ್ಞೆ ಇದೆ: ಲ್ಯಾಟಿನ್1ಕ್ಕೆ ಇಳಿಸಿ, ಬೈನರಿ ಎಂದು ಹಿಡಿದು, ಯುಟಿಎಫ್‌8ಎಂಬಿ4 ಎಂದು ಮತ್ತೆ ಓದುವುದು. ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಸರಿಯಾದ ಕನ್ನಡದ ಮೇಲೆ ಅದನ್ನು ಓಡಿಸಿದರೆ ಮೊದಲ ಹೆಜ್ಜೆಯಲ್ಲೇ ಅಕ್ಷರ ಪ್ರಶ್ನೆ ಚಿಹ್ನೆಯಾಗುತ್ತದೆ. ಅರ್ಧ-ಅರ್ಧ ಇರುವ ಬರಹದಲ್ಲಿ ಸರಿ ಇದ್ದದ್ದು ಹಾಳಾಗುತ್ತದೆ. ನೂರಾರು ಬರಹಗಳಲ್ಲಿ ಯಾವುದು ಹಾಗಿದೆ ಎಂದು ಊಹೆಯ ಮೇಲೆ ನಡೆಯುವುದು ನನಗೆ ಬೇಡವಾಗಿತ್ತು.

ಹುಡುಗನ ಹತ್ತಿರ ಹಳೆ ಸರ್ವರ್‌ನಿಂದ ತೆಗೆದ ಡಂಪ್ ಫೈಲ್ (ಇಡೀ ಡೇಟಾಬೇಸಿನ ನಕಲು) ಇತ್ತು. "ಅದೂ ಹಾಳಾಗಿದೆ ಅಣ್ಣಾ, ತೆರೆದು ನೋಡಿದೆ, ಎಲ್ಲ ಕಸ" ಅಂದ. ಡಿಲೀಟ್ ಮಾಡುವವನಿದ್ದ. ಫೈಲಿನಲ್ಲಿ ಕಾಣುವುದು ಕಸವೇ. ಪಿಎಚ್‌ಪಿಮೈಅಡ್ಮಿನ್ ಡಂಪ್ ತೆಗೆಯುವಾಗ ಲ್ಯಾಟಿನ್1 ಬೈಟ್‌ಗಳನ್ನು ಯುಟಿಎಫ್-8ಕ್ಕೆ ತಿರುಗಿಸಿ ಬರೆಯುತ್ತದೆ. ಆದರೆ ಟೇಬಲ್ ಲ್ಯಾಟಿನ್1 ಎಂದೂ ಅದೇ ಫೈಲಿನಲ್ಲಿ ಬರೆದಿರುತ್ತದೆ. ಏನೂ ತಿದ್ದದೆ ಇಂಪೋರ್ಟ್ ಮಾಡಿದರೆ ಬೈಟ್‌ಗಳು ಮತ್ತೆ ಹಳೆಯ ರೂಪಕ್ಕೇ ಬರುತ್ತವೆ. ಆ ಡಂಪೇ ಇಡೀ ಪ್ರಕರಣದ ಜೀವಾಳವಾಗಿತ್ತು.

ಹೀಗೆ ಮಾಡಿದೆ. ಓಡುತ್ತಿರುವ ಡೇಟಾಬೇಸಿನ ಒಂದು ಪ್ರತಿ ತೆಗೆದಿಟ್ಟು, ಅದನ್ನು ಮುಟ್ಟದೆ ಬಿಟ್ಟೆ. ಹಳೆ ಡಂಪನ್ನು ಬೇರೊಂದು ಖಾಲಿ ಡೇಟಾಬೇಸಿಗೆ ಇಂಪೋರ್ಟ್ ಮಾಡಿದೆ. ಹೆಕ್ಸ್ ನೋಡಿದೆ, ಇ0 ಬಿ2 ಬಂತು. ಅಲ್ಲಿಂದ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಆಜ್ಞೆಗೆ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದು ಹೇಳಿ, ಫೈಲಿನ ತಲೆಯಲ್ಲಿ ಕ್ಯಾರೆಕ್ಟರ್ ಸೆಟ್ ಸಾಲು ಬರೆಯಬೇಡ ಎಂದೂ ಹೇಳಿ ಮತ್ತೆ ಡಂಪ್ ತೆಗೆದೆ. ಹೀಗೆ ಹೇಳಿದಾಗ ಯಾವ ಪರಿವರ್ತನೆಯೂ ಆಗದೆ ಬೈಟ್‌ಗಳು ಇದ್ದ ಹಾಗೇ ಹೊರಬರುತ್ತವೆ. ಆ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಕನ್ನಡ ಕನ್ನಡವಾಗೇ ಓದಲು ಸಿಕ್ಕಿತು. ಟೇಬಲ್ ಕಟ್ಟುವ ಸಾಲುಗಳಲ್ಲಿ ಲ್ಯಾಟಿನ್1 ಎಂದಿದ್ದದ್ದನ್ನು ಯುಟಿಎಫ್‌8ಎಂಬಿ4 ಎಂದು ತಿದ್ದಿ, ಮೂರನೆಯ ಡೇಟಾಬೇಸಿಗೆ ಯುಟಿಎಫ್‌8ಎಂಬಿ4 ದಾರಿಯಲ್ಲೇ ಇಂಪೋರ್ಟ್ ಮಾಡಿದೆ. ಕಾನ್ಫಿಗ್‌ನಲ್ಲಿ ಆ ಸಾಲನ್ನು ಸ್ಪಷ್ಟವಾಗಿ ಬರೆದೆ. ಮುಂದೆ ಡೀಫಾಲ್ಟ್ ಏನೇ ಬದಲಾದರೂ ತಾಣ ಅದನ್ನು ಕೇಳುವುದಿಲ್ಲ.

ಇಂಟರ್‌ನೆಟ್ಟಿನಲ್ಲಿ ಕಸವನ್ನು ಪೇಸ್ಟ್ ಮಾಡಿದರೆ ಸರಿಮಾಡಿಕೊಡುವ ಪುಟಗಳಿವೆ. ಕನ್ನಡಕ್ಕೆ ಅವನ್ನು ನಂಬಬೇಡಿ. ನಾವು ಲ್ಯಾಟಿನ್1 ಎನ್ನುವುದು ಬಹುತೇಕ ಕಡೆ ವಿಂಡೋಸ್-1252. ಅದರಲ್ಲಿ ಐದು ಬೈಟ್‌ಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ಇಂಗ್ಲಿಷ್, ಫ್ರೆಂಚ್ ಬರೆಯುವವರಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಕನ್ನಡದಲ್ಲಿ ಉಕಾರದ ಕೊನೆಯ ಬೈಟ್ 81, ಹಲಂತದ ಕೊನೆಯ ಬೈಟ್ 8ಡಿ. ಏ, ಐ, ಝ ಕೂಡ ಈ ಬಲೆಗೆ ಬೀಳುತ್ತವೆ. ಕಟ್ಟುನಿಟ್ಟಿನ ಪರಿವರ್ತಕ ಆ ಬೈಟ್‌ಗಳನ್ನು ಎಸೆದುಬಿಟ್ಟರೆ ಒತ್ತಕ್ಷರ, ಉಕಾರ ಇರುವ ಕಡೆಯೆಲ್ಲ ತೂತು ಬೀಳುತ್ತದೆ. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಒಂದು ಸಾಲಾದರೂ ಬರೆಯಲು ಆದೀತೆ? ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಈ ಐದಕ್ಕೂ ಒಂದೊಂದು ಜಾಗ ಕೊಟ್ಟು ಉಳಿಸಿಕೊಳ್ಳುತ್ತದೆ. ಹಾಗಾಗಿ ತಿರುಗಿಸುವ ಕೆಲಸವನ್ನೆಲ್ಲ ಅದರೊಳಗೇ ಮಾಡಬೇಕು.

ಮಾಯವಾಗಿದ್ದ ಸೈಡ್‌ಬಾರ್

ಹಳೆ ಡಂಪಿನಿಂದ ಹೊಸದಾಗಿ ಕಟ್ಟಿದ್ದರಿಂದ ಇನ್ನೊಂದು ಲಾಭವೂ ಆಯಿತು. ಹೊಸ ಸರ್ವರ್‌ಗೆ ಬಂದಾಗಿನಿಂದ ಸೈಡ್‌ಬಾರ್‌ನ ಪೆಟ್ಟಿಗೆಗಳು ಕಾಣುತ್ತಿರಲಿಲ್ಲ. ವರ್ಡ್‌ಪ್ರೆಸ್ ಇಂಥ ಸೆಟ್ಟಿಂಗ್‌ಗಳನ್ನು ಒಂದೇ ಉದ್ದ ಸಾಲಾಗಿ ಕಟ್ಟಿಡುತ್ತದೆ, ಪ್ರತಿ ಪದದ ಮುಂದೆ ಅದರ ಬೈಟ್ ಉದ್ದವನ್ನೂ ಬರೆದಿಡುತ್ತದೆ. ಮೂರು ಕನ್ನಡ ಚಿಹ್ನೆ ಇದ್ದರೆ 9 ಎಂದು. ಎರಡು ಸಲ ಎನ್‌ಕೋಡ್ ಆಗಿ ಬಂದಾಗ ಆ ಪದ ಹದಿನೆಂಟು ಇಪ್ಪತ್ತು ಬೈಟ್ ಆಗಿರುತ್ತದೆ, ಮುಂದೆ ಮಾತ್ರ 9 ಎಂದೇ ಇರುತ್ತದೆ. ಲೆಕ್ಕ ತಪ್ಪಿದರೆ ಪಿಎಚ್‌ಪಿ ಇಡೀ ಸಾಲನ್ನೇ ತಿರಸ್ಕರಿಸುತ್ತದೆ, ಪೆಟ್ಟಿಗೆ ಖಾಲಿ. ಇಂಗ್ಲಿಷ್ ಹೆಸರಿನ ಪೆಟ್ಟಿಗೆ ಒಂದೇ ಒಂದು ಉಳಿದಿತ್ತು, ಅದೇ ಸಾಕ್ಷಿ. ಮೂರನೆಯ ಡೇಟಾಬೇಸಿನಲ್ಲಿ ಬೈಟ್‌ಗಳು ಮೊದಲಿನಂತೇ ಇದ್ದದ್ದರಿಂದ ಎಲ್ಲವೂ ತಾವಾಗಿ ವಾಪಸ್ ಬಂದವು.

ಹೊಸ ಬರಹಗಳನ್ನು ಕೆಟ್ಟ ಡೇಟಾಬೇಸಿನಿಂದ ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್‌ನಲ್ಲಿ ತಿಂಗಳು ಆರಿಸಿ ತೆಗೆದು, ಹೊಸದಕ್ಕೆ ಸೇರಿಸಿದೆ. ಅರ್ಧ-ಅರ್ಧ ಇದ್ದವನ್ನು ಸೇರಿಸುವ ಅಗತ್ಯವೇ ಬರಲಿಲ್ಲ, ಅವುಗಳ ಪೂರ್ತಿ ಹಳೆಯ ರೂಪ ಡಂಪ್‌ನಲ್ಲೇ ಇತ್ತು. ಪ್ರಶ್ನೆ ಚಿಹ್ನೆಯಾದ ಬರಹಗಳನ್ನು ಮೇಷ್ಟ್ರು ಮತ್ತೆ ಟೈಪ್ ಮಾಡಿದರು. ಅವರು ಇವತ್ತಿಗೂ ಮೊದಲು ಕಾಗದದಲ್ಲಿ ಬರೆಯುವವರು. ಪ್ರತಿಕ್ರಿಯೆಗಳಿಗೆ ಮಾತ್ರ ದಾರಿ ಇರಲಿಲ್ಲ. ಮೇಲ್ ಏರ್ಪಾಡು ಇದ್ದಿದ್ದರೆ ಪ್ರತಿ ಪ್ರತಿಕ್ರಿಯೆಯ ಒಂದು ನಕಲು ಮೇಷ್ಟ್ರ ಇನ್‌ಬಾಕ್ಸ್‌ನಲ್ಲಿ ಇರುತ್ತಿತ್ತು. ಸರ್ವರ್‌ನ ಲಾಗ್‌ನಲ್ಲಿ ಯಾರು ಯಾವಾಗ ಬಂದರು ಎಂದಿರುತ್ತದೆ, ಏನು ಬರೆದರು ಎಂದಿರುವುದಿಲ್ಲ. ಬರೆದವರ ಇಮೇಲ್ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿದ್ದ ಕಾರಣ ಉಳಿದಿತ್ತು. ಮೇಷ್ಟ್ರು ಒಬ್ಬೊಬ್ಬರಿಗೂ ಕಾಗದ ಬರೆದಷ್ಟು ಉದ್ದದ ಮೇಲ್ ಬರೆದು, ನಿಮ್ಮ ಮಾತು ಕಳೆದುಹೋಗಿದೆ, ದಯವಿಟ್ಟು ಮತ್ತೊಮ್ಮೆ ಬರೆಯಿರಿ ಎಂದು ಕೇಳಿದರು.

ಕೆರೆ ಇದೆ, ಕೋಟೆ ಇಲ್ಲ

ಎಲ್ಲ ಮುಗಿಯಿತು ಅನ್ನುವಾಗ ಮೇಷ್ಟ್ರ ಫೋನ್. "ಕೆರೆ ಫೋಟೋ ಕಾಣ್ತದೆ, ಕೋಟೆ ಫೋಟೋ ಕಾಣೋದಿಲ್ಲ."

ಮೇಷ್ಟ್ರು ಫೋಟೋಗಳಿಗೂ ಕನ್ನಡದಲ್ಲೇ ಹೆಸರಿಡುತ್ತಾರೆ. ಸರ್ವರ್‌ನಲ್ಲಿ ನೋಡಿದರೆ ಕೋಟೆಯ ಫೈಲ್ ಇದೆ, ಹೆಸರೂ ಅದೇ, ಆದರೂ 404. ಕಾಣುವವು, ಕಾಣದವು ಎಂದು ಪಟ್ಟಿ ಮಾಡಲು ಹೇಳಿದೆ. ಕೆರೆ, ಮರ, ಕಟ್ಟೆ, ಹೂವು ಕಾಣುತ್ತವೆ. ಕೋಟೆ, ಸೇತುವೆ, ಹೊಳೆ, ದೀಪ, ಕೈಮರ ಕಾಣುವುದಿಲ್ಲ. ಪಟ್ಟಿಯನ್ನು ಎರಡು ಸಲ ಓದಿದರೆ ಕಾರಣ ಅದರಲ್ಲೇ ಇದೆ. ದೀರ್ಘ ಈ, ದೀರ್ಘ ಏ, ಐ, ಒ, ಓ ಈ ಐದರ ಕಾಗುಣಿತ ಇದ್ದವು ಮಾತ್ರ ಮಾಯ.

ಯುನಿಕೋಡ್‌ನಲ್ಲಿ ಈ ಐದು ಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ, ಇಲ್ಲವೇ ಬಿಡಿಸಿ. 'ಕೋ' ಅಕ್ಷರದ ಓಕಾರವನ್ನು ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಬೇರೆ ಹೆಸರು. ಹುಡುಗ ಫೋಟೋಗಳನ್ನು ಗೆಳೆಯನ ಹಳೆಯ ಮ್ಯಾಕ್‌ಗೆ ಇಳಿಸಿಕೊಂಡು ಅಲ್ಲಿಂದ ಹೊಸ ಸರ್ವರ್‌ಗೆ ಏರಿಸಿದ್ದ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ. ಹಾಗೇ ಬಿಡಿಸಿದ ಹೆಸರು ಸರ್ವರ್‌ಗೆ ಹೋಯಿತು. ಡೇಟಾಬೇಸಿನಲ್ಲಿದ್ದದ್ದು ಕೂಡಿದ ರೂಪ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ ನಾರ್ಮಲೈಸರ್ ಇದೆ. ಅದನ್ನು ಬಳಸಿ ಅಪ್‌ಲೋಡ್ ಫೋಲ್ಡರ್‌ನ ಹೆಸರುಗಳನ್ನೆಲ್ಲ ಕೂಡಿದ ರೂಪಕ್ಕೆ ತರುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಕೋಟೆ ವಾಪಸ್ ಬಂತು. ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ, ಸುಳಿವು ಕೊಟ್ಟದ್ದು ಕಾಗುಣಿತವಲ್ಲವೇ!

ಹೊಸ ಫೋಟೋ ಏರಿಸಲು ಆಗದಿದ್ದದ್ದು ಮಾತ್ರ ಮಾಮೂಲಿ ಕಾರಣಕ್ಕೆ. ಎಂಜಿನ್‌ಎಕ್ಸ್‌ನ ಡೀಫಾಲ್ಟ್ ಮಿತಿ 1 ಎಂಬಿ, ಪಿಎಚ್‌ಪಿಯದ್ದು 2 ಎಂಬಿ. ಇವತ್ತಿನ ಫೋನ್ ಕ್ಯಾಮೆರಾಕ್ಕೆ ಎರಡೂ ಸಾಲದು. ಎರಡೂ ಕಡೆ ಹೆಚ್ಚಿಸಿದೆ.

ಥೀಮ್ ಈಗ ಓಡುತ್ತಿದೆ, ಲಾಗ್‌ನಲ್ಲಿ ಮಾತ್ರ ಇನ್ನೂ ಗೊಣಗುತ್ತದೆ. ಘೋಷಿಸದ ಪ್ರಾಪರ್ಟಿಗಳ ಮೇಲೆ ಪಿಎಚ್‌ಪಿ 8.2ರಿಂದ ಎಚ್ಚರಿಕೆ ಬರುತ್ತಿದೆ, ಥೀಮ್‌ನಲ್ಲಿ ಅವು ತುಂಬ ಇವೆ. ಪಿಎಚ್‌ಪಿ 8.3ಕ್ಕೆ 2027ರ ಕೊನೆಯವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ, ಅಷ್ಟರೊಳಗೆ ತಿದ್ದಿದರಾಯಿತು. ಮೈಎಸ್‌ಕ್ಯೂಎಲ್‌ಗೆ ಅಷ್ಟು ಸಮಯವಿಲ್ಲ. 8.0ರ ಗಡುವು 2026ರ ಏಪ್ರಿಲ್, ಅದರ ಮುಂದಿನದು 8.4. ಹುಡುಗ ಅದಕ್ಕೆಂದೇ ತಾಣದ ಒಂದು ನಕಲನ್ನು ಬೇರೆ ಸಬ್‌ಡೊಮೈನ್‌ನಲ್ಲಿ ಎಬ್ಬಿಸಿದ್ದಾನೆ. ಈ ಸಲ ಡೇಟಾಬೇಸ್ ಒಂದನ್ನೇ ಬದಲಿಸುವುದು, ಪಿಎಚ್‌ಪಿ ಮುಟ್ಟುವುದಿಲ್ಲ ಎಂದು ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದಾನಂತೆ.